ಇಲ್ಲಣ

ಇಲ್ಲಣವೆಂಬ ಮಾತನ್ನು ಈಗಿನ ಮಕ್ಕಳ ಮುಂದೆ ಆಡಿದರೆ ಅವರು ಮುಖಮುಖ ನೋಡಿಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ. ಸೌದೆಯ ಒಲೆಯೇ ಇಲ್ಲದ ಮನೆಯಲ್ಲಿ ಇಲ್ಲಣವೆಲ್ಲಿಂದ ಬರಬೇಕು? ಒಲೆಯ ಹೊಗೆ ಮೇಲೇರಿ, ಜಂತೆಗಳ ಸಂದಿನಲ್ಲಿದ್ದ ಜೇಡರ ಬಲೆಗೆ ಮೆತ್ತಿಕೊಂಡು, ಕರಿಯ ನೂಲಿನ ಕುಚ್ಚುಗಳಂತೆ ಜೋತುಬಿದ್ದು, ಗಾಳಿ ಬಂದಾಗ ಅಲುಗುತ್ತ, ಒಮ್ಮೊಮ್ಮೆ ಸಾರಿನ ಪಾತ್ರೆಯೊಳಕ್ಕೇ ಉದುರುತ್ತಿದ್ದ ವಸ್ತುವಿಗೆ ಇಲ್ಲಣವೆಂದು ಹೆಸರು. ಯುಗಾದಿಗೆ ಮುಂಚೆ ಒಂದು ಸಲ, ನವರಾತ್ರಿಗೆ ಮುಂಚೆ ಒಂದು ಸಲ ನಮ್ಮ ತಾಯಿ ತಲೆಗೆ ಹಳೆಯ ಸೀರೆಯ ತುಂಡನ್ನು ಸುತ್ತಿಕೊಂಡು, ಉದ್ದನೆಯ ಬಿದಿರಿಗೆ ಪೊರಕೆಯನ್ನು ಕಟ್ಟಿ ಅದನ್ನು ತೆಗೆಯುತ್ತಿದ್ದಳು. ಆ ದಿವಸ ನಮಗೆ ಅಡಿಗೆಮನೆಗೆ ಪ್ರವೇಶವಿರಲಿಲ್ಲ. ಹೊರಗೆ ಬಂದಾಗ ಅವಳ ಕಣ್ಣೆರಡು ಬಿಟ್ಟು ಉಳಿದುದೆಲ್ಲ ಕಪ್ಪಾಗಿರುತ್ತಿದ್ದಿತು. ನಾವು ಚಪ್ಪಾಳೆ ತಟ್ಟಿ ನಗುತ್ತಿದ್ದೆವು.

ನಾನು ಮರೆತೇ ಹೋಗಿದ್ದ ಈ ಮಾತು ಮತ್ತೆ ನೆನಪಾದುದು ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಅಲ್ಲ. ಅಮೆರಿಕಾ ದೇಶದ ಮಿನ್ನೆಸೋಟಾ ಸಂಸ್ಥಾನದಲ್ಲಿ, ಮಿನಿಯಾಪೊಲಿಸ್ ಪಟ್ಟಣದ ಹೊರವಲಯದಲ್ಲಿರುವ ನನ್ನ ಮಗಳ ಮನೆಯಲ್ಲಿ. 2024ನೆಯ ಇಸವಿಯ ಅಕ್ಟೋಬರಿನಲ್ಲಿ ನಾವು ದಂಪತಿಗಳು ಅಲ್ಲಿಗೆ ಹೋಗಿ ಮಾರ್ಚಿಯವರೆಗೆ ಇದ್ದೆವು. ಚಳಿಗಾಲವನ್ನು ಆರಿಸಿಕೊಂಡು ಹೋದಿರಲ್ಲಾ ಎಂದು ಕಂಡವರೆಲ್ಲ ಕೇಳಿದರು. ಮಗಳಿಗೆ ಬೇಕಾಗಿದ್ದುದು ಆಗಲೇ, ಹೋದೆವು.

ಆ ಸೀಮೆಯ ಚಳಿಯನ್ನು ವರ್ಣಿಸುವುದು ನನ್ನ ಉದ್ದೇಶವಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೆ ಹೊರಗಿನ ಗಾಳಿ ಇಳಿಯುವುದು ಅಲ್ಲಿ ಜನವರಿಯಲ್ಲಿ ಆಶ್ಚರ್ಯದ ಸಂಗತಿಯಲ್ಲವೆಂದರೆ ಸಾಕು. ಅದರಿಂದಾಗಿ ನವೆಂಬರಿನಲ್ಲಿ ಮುಚ್ಚಿದ ಕಿಟಕಿಯನ್ನು ಏಪ್ರಿಲಿನವರೆಗೆ ಯಾರೂ ತೆರೆಯುವುದಿಲ್ಲ. ಆಕಳ ಕಣ್ಣಿನ ಆಕಾರವೆಂದು ಗವಾಕ್ಷವೆಂಬ ಹೆಸರು ಬಂದಿತೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು; ಆ ಮನೆಯಲ್ಲಿ ಆಕಳು ಐದು ತಿಂಗಳು ಕಣ್ಣು ಮುಚ್ಚಿಕೊಂಡೇ ಇರುತ್ತದೆ. ಹಾಗಿದ್ದರೆ ಮನೆ ಉಸಿರಾಡುವುದೆಂತು?

ಅದಕ್ಕಾಗಿ ನೆಲಮಾಳಿಗೆಯಲ್ಲಿ ಒಂದು ಯಂತ್ರವಿದೆ. ಅವರು ಅದನ್ನು ಫರ್ನೇಸ್ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕೆಂದು ಬಹಳ ಯೋಚಿಸಿದೆನು. ಕುಲುಮೆಯೆಂದರೆ ಕಮ್ಮಾರನು ಕಣ್ಣಿಗೆ ಕಟ್ಟುತ್ತಾನೆ, ಒಲೆಯೆಂದರೆ ಅಡಿಗೆ, ಅಗ್ಗಿಷ್ಟಿಕೆಯೆಂದರೆ ಅದರ ಮುಂದೆ ಕುಳಿತು ಕೈ ಕಾಯಿಸಬೇಕು. ಯಾರೂ ಮುಂದೆ ಕೂಡದ, ಯಾರೂ ಅಡಿಗೆ ಮಾಡದ, ಅನೇಕರು ವರ್ಷಕ್ಕೊಮ್ಮೆ ಕೂಡ ನೋಡದ ಆ ಬೆಂಕಿಗೆ ನಮ್ಮಲ್ಲಿ ಹೆಸರಿಲ್ಲ. ಫರ್ನೇಸ್ ಎಂದೇ ಕರೆಯುತ್ತೇನೆ. ಅದರೊಳಗೆ ಅನಿಲ ಉರಿಯುತ್ತದೆ. ಉರಿಯಿಂದ ಹುಟ್ಟಿದ ಕೆಟ್ಟ ಗಾಳಿಯು ಲೋಹದ ಕೊಳವೆಗಳ ಒಳಗೇ ಹರಿದು ಬೇರೊಂದು ದಾರಿಯಿಂದ ಮನೆಯ ಹೊರಕ್ಕೆ ಹೋಗುತ್ತದೆ. ಕಾದ ಆ ಕೊಳವೆಗಳ ಹೊರಮೈಯನ್ನು ಸವರಿಕೊಂಡು ಹೋಗುವ ಮನೆಯ ಗಾಳಿ ಬಿಸಿಯಾಗುತ್ತದೆ. ದೊಡ್ಡದೊಂದು ಬೀಸಣಿಗೆ ಅದನ್ನು ತಗಡಿನ ಕಾಲುವೆಗಳ ಮೂಲಕ ಕೋಣೆಕೋಣೆಗೂ ನೂಕುತ್ತದೆ. ಈ ಕಾಲುವೆಗಳಿಗೆ ಡಕ್ಟ್ ಎಂದು ಹೆಸರು. ಗೋಡೆಯ ಹಿಂದೆ, ನೆಲದ ಕೆಳಗೆ ಅಡಗಿ ಬಂದು, ಜಾಲರಿ ಹೊದಿಸಿದ ಕಿಂಡಿಗಳಲ್ಲಿ ಅವು ಬಾಯಿ ತೆರೆಯುತ್ತವೆ. ತಣ್ಣಗಾದ ಗಾಳಿಯನ್ನು ಮರಳಿ ಎಳೆದುಕೊಂಡು ಹೋಗಲು ಬೇರೆ ಕಿಂಡಿಗಳುಂಟು. ಹೋಗುವ ದಾರಿ, ಬರುವ ದಾರಿ, ಉಚ್ಛ್ವಾಸ, ನಿಶ್ವಾಸ. ಮರಳಿ ಬಂದ ಗಾಳಿ ಬೀಸಣಿಗೆಯನ್ನು ಸೇರುವ ಮುನ್ನ ಅದನ್ನು ಶೋಧಿಸುವುದಕ್ಕೆ ಒಂದು ಅಂಗುಲ ದಪ್ಪದ ಫಿಲ್ಟರ್ ಇಟ್ಟಿರುತ್ತಾರೆ. ರಾತ್ರಿಯೆಲ್ಲ ಈ ಬೀಸಣಿಗೆ ಎದ್ದು ನಿಂತು, ಮತ್ತೆ ಮಲಗಿ, ಮತ್ತೆ ಏಳುತ್ತದೆ. ಮೊದಲ ವಾರ ನನಗೆ ಅದು ನೆಲಮಾಳಿಗೆಯಲ್ಲಿ ಯಾರೋ ಮುದುಕರು ಮಲಗಿ ನಿಟ್ಟುಸಿರುಬಿಟ್ಟಂತೆ ಕೇಳಿಸುತ್ತಿದ್ದಿತು.

ಡಿಸೆಂಬರಿನಲ್ಲಿ ನಮ್ಮ ನಾಲ್ಕು ವರ್ಷದ ಮೊಮ್ಮಗಳಿಗೆ ಕೆಮ್ಮು ಹತ್ತಿತು. ಹಗಲಲ್ಲಿ ಆಡಿಕೊಂಡಿರುವಳು, ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೆಮ್ಮುವಳು. ಮಗಳಿಗೆ ನಿದ್ರೆಯಿಲ್ಲ, ಅವಳ ತಾಯಿಗೆ ನಿದ್ರೆಯಿಲ್ಲ. ಇಂತಹ ಸಮಯಕ್ಕೆ ಸರಿಯಾಗಿ ಅಂಚೆಯಲ್ಲಿ ಒಂದು ಬಣ್ಣದ ಕಾಗದ ಬಂದು ಬಿದ್ದಿತು. ನಿಮ್ಮ ಮನೆಯ ಡಕ್ಟುಗಳಲ್ಲಿ ವರ್ಷಗಳ ಧೂಳು ತುಂಬಿದೆ, ನಿಮ್ಮ ಮಕ್ಕಳು ಅದನ್ನೇ ಉಸಿರಾಡುತ್ತಿದ್ದಾರೆ, 99 ಡಾಲರಿಗೆ ಇಡೀ ಮನೆಯನ್ನು ಶುಚಿಮಾಡಿಕೊಡುತ್ತೇವೆ ಎಂದು ಅದರಲ್ಲಿ ಅಚ್ಚಾಗಿದ್ದಿತು. ಕೆಮ್ಮುವ ಮಗುವಿರುವ ಮನೆಯಲ್ಲಿ ಈ ಕಾಗದವನ್ನು ಓದಿದ ತಾಯಿಯ ಮನಸ್ಸು ಹೇಗಾಗಬೇಕು? ಮಗಳು ಅಂದೇ ಅವರಿಗೆ ಹೇಳಿಕಳುಹಿಸಬೇಕೆಂದಳು.

ಅಳಿಯಂದಿರು ಒಪ್ಪಲಿಲ್ಲ. ಅವರು ಲೆಕ್ಕಾಚಾರದ ಮನುಷ್ಯರು. "ಮಾವ, ಇದರಲ್ಲಿ ಅರ್ಧ ವ್ಯಾಪಾರ, ಅರ್ಧ ಬೆದರಿಕೆ" ಎಂದು ಹೇಳಿ, ಆ ದೇಶದ ಪರಿಸರ ಸಂರಕ್ಷಣಾ ಇಲಾಖೆಯವರು 1997ರಲ್ಲಿ ಈ ವಿಷಯವನ್ನೇ ಕುರಿತು ಪ್ರಕಟಿಸಿದ ಒಂದು ತಿಳಿವಳಿಕೆಯ ಪತ್ರವನ್ನು ನನ್ನ ಮುಂದಿಟ್ಟರು. ಶ್ರದ್ಧೆಯಿಂದ ಓದಿದೆನು. ಸರ್ಕಾರದ ಬರವಣಿಗೆ ಅಷ್ಟು ನೇರವಾಗಿರಬಹುದೆಂದು ನಾನು ಎಣಿಸಿರಲಿಲ್ಲ. ಡಕ್ಟುಗಳನ್ನು ಶುಚಿಮಾಡಿಸುವುದರಿಂದ ರೋಗಗಳು ತಪ್ಪುತ್ತವೆಂದು ಇದುವರೆಗೆ ಸಿದ್ಧವಾಗಿಲ್ಲ. ಇಷ್ಟು ವರ್ಷಕ್ಕೊಮ್ಮೆ ಮಾಡಿಸಲೇಬೇಕೆಂಬ ಕಟ್ಟುಪಾಡೂ ಬೇಕಾಗಿಲ್ಲ. ಒಳಗೆ ಬೂಷ್ಟು ಕಣ್ಣಾರೆ ಕಂಡರೆ, ಇಲಿ ಹುಳುಗಳು ಸೇರಿಕೊಂಡಿದ್ದರೆ, ಧೂಳು ಕಿಂಡಿಯಿಂದ ಹೊರಕ್ಕೆ ಹಾರಿ ಬರುವಷ್ಟು ತುಂಬಿದ್ದರೆ ಮಾತ್ರ ಮಾಡಿಸಿರಿ ಎಂಬುದು ಅದರ ತಾತ್ಪರ್ಯ. ಸಾಮಾನ್ಯವಾಗಿ ಈ ಕೆಲಸಕ್ಕೆ 450ರಿಂದ 1,000 ಡಾಲರವರೆಗೆ ಹಿಡಿಯುತ್ತದೆಂದೂ ಅದರಲ್ಲಿ ಬರೆದಿದ್ದಿತು. ಹಾಗಾದರೆ 99 ಡಾಲರಿಗೆ ಬರುವವನು ಏನು ಮಾಡಿಹೋಗುವನು? ಇದನ್ನು ಕೇಳಿದುದಕ್ಕೆ ಮಗಳು, "ಅಪ್ಪ, ಅವಳು ರಾತ್ರಿ ಕೆಮ್ಮೋದು ನಿಮಗೆ ಕೇಳಿಸುತ್ತಾ ಇಲ್ವೇ?" ಎಂದಳು. ಆಮೇಲೆ ನಾನು ತೀರ್ಪು ಹೇಳುವ ಗೋಜಿಗೆ ಹೋಗಲಿಲ್ಲ.

ಬಂದವನು ಇಪ್ಪತ್ತೈದು ವರ್ಷದ ಚುರುಕು ಹುಡುಗ. ಕಿಂಡಿಯೊಳಕ್ಕೆ ದೀಪ ಹಿಡಿದು ನೋಡಿ, ನಾಲಗೆಯಿಂದ ಲೊಚಗುಟ್ಟಿ, ಕೈಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿ, ಇದು ಕರಿಯ ಬೂಷ್ಟು, ಇದಕ್ಕೆ ಔಷಧಿ ಸಿಂಪಡಿಸಬೇಕು, ಒಟ್ಟು 1,100 ಡಾಲರ್ ಆಗುತ್ತದೆ, ಮಗುವಿರುವ ಮನೆ ನೋಡಿ ಎಂದನು. ಅಳಿಯಂದಿರು ಚಿತ್ರವನ್ನು ಎರಡು ನಿಮಿಷ ನೋಡಿ ಮೆಲ್ಲಗೆ, "ಈ ಚಿತ್ರದಲ್ಲಿರುವ ಜಾಲರಿ ಕಂದು ಬಣ್ಣದ್ದು; ನಮ್ಮ ಮನೆಯಲ್ಲಿ ಇರುವುದೆಲ್ಲ ಬಿಳಿಯದು" ಎಂದರು. ಆತನು ಹೆಚ್ಚು ವಾದ ಮಾಡದೆ ಹೊರಟುಹೋದನು.

ಎರಡನೆಯವನನ್ನು ಕರೆದುದು ನೆರೆಮನೆಯವರ ಮಾತಿನ ಮೇಲೆ. ಐವತ್ತೈದು ದಾಟಿದ ಮನುಷ್ಯ, ಮಿತಭಾಷಿ. ಅವರ ಕಸುಬಿನವರಿಗೆ 1989ರಲ್ಲಿ ಹುಟ್ಟಿದ ಒಂದು ಸಂಘವೂ ಕೆಲಸದ ನಿಯಮಗಳೂ ಇವೆಯಂತೆ. ಕೆಲಸ ಹೇಗೆ ನಡೆಯಬೇಕೆಂಬುದನ್ನು ಆತನು ಮೊದಲೇ ವಿವರಿಸಿದನು. ಸುಮ್ಮನೆ ಕಿಂಡಿಯಲ್ಲಿ ಗಾಳಿ ಊದಿದರೆ ಧೂಳೆಲ್ಲ ಮನೆಯೊಳಕ್ಕೇ ಬರುತ್ತದೆ. ಆದುದರಿಂದ ಮೊದಲು ತಾಯಿಕೊಳವೆಗೆ ಒಂದು ದೊಡ್ಡ ಹೀರುಯಂತ್ರವನ್ನು ಜೋಡಿಸಿ ಇಡೀ ಜಾಲವನ್ನು ಒಳಕ್ಕೆ ಎಳೆಯುವಂತೆ ಮಾಡಬೇಕು. ಮಿಕ್ಕ ಕಿಂಡಿಗಳನ್ನೆಲ್ಲ ಮುಚ್ಚಿ, ಒಂದೊಂದನ್ನೇ ತೆರೆದು, ಅದರೊಳಗೆ ಚಾವಟಿಯಂತಹ ಗಾಳಿಕೊಳವೆಯನ್ನು ಇಳಿಸಿ ಅಂಟಿದುದನ್ನು ಬಡಿದು ಎಬ್ಬಿಸಬೇಕು. ಬಡಿಯುವುದೂ ಎಳೆಯುವುದೂ ಒಟ್ಟಿಗೆ ಆದರೇ ಶುಚಿ. ನಾನು ಕುರ್ಚಿಯನ್ನು ಎಳೆದುಕೊಂಡು ಕುಳಿತು ಇದನ್ನೆಲ್ಲ ನೋಡಿದೆನು.

ಹೊಗೆಗೂಡನ್ನು ಶುಚಿಮಾಡುವವರ ಚರಿತ್ರೆಯನ್ನು ನಾನು ಹಿಂದೆ ಓದಿದ್ದೆನು. ಇಂಗ್ಲೆಂಡಿನಲ್ಲಿ ಐದಾರು ವರ್ಷದ ಹುಡುಗರನ್ನೇ ಹೊಗೆಗೂಡುಗಳೊಳಕ್ಕೆ ಹತ್ತಿಸುತ್ತಿದ್ದರು. ಅವರಿಗೆ ದೊಡ್ಡವರಾದ ಮೇಲೆ ಬರುತ್ತಿದ್ದ ಅರ್ಬುದ ರೋಗಕ್ಕೆ ಮಸಿಯೇ ಕಾರಣವೆಂದು ಪರ್ಸಿವಲ್ ಪಾಟ್ ಎಂಬ ವೈದ್ಯನು 1775ರಲ್ಲೇ ಬರೆದನು. ಆ ಪದ್ಧತಿ ನಿಜವಾಗಿ ನಿಂತುದು 1875ರ ಕಾನೂನಿನಿಂದ. ಕಾರಣ ತಿಳಿಯುವುದಕ್ಕೂ ಕೈ ಆಡುವುದಕ್ಕೂ ನಡುವೆ ನೂರು ವರ್ಷ! ಈ ಲೆಕ್ಕವನ್ನು ಮೊದಲು ಓದಿದಾಗ ಆ ದೇಶದವರ ಮೇಲೆ ನನಗೆ ಬಹಳ ಕೋಪ ಬಂದಿದ್ದಿತು.

ನಮ್ಮ ಮನೆಯ ಡಕ್ಟುಗಳಲ್ಲಿ ಭಯಂಕರವಾದುದೇನೂ ಇರಲಿಲ್ಲ. ಹೋಗುವ ದಾರಿಗಳು ಬಹುಮಟ್ಟಿಗೆ ಚೊಕ್ಕಟವಾಗಿದ್ದವು. ಫಿಲ್ಟರಿಗಿಂತ ಮುಂಚಿನ ಗಾಳಿ ಹರಿಯುವುದರಿಂದ, ಮರಳಿ ಬರುವ ದಾರಿಗಳಲ್ಲಿ ಬೂದುಬಣ್ಣದ ಧೂಳು ಕಂಬಳಿಯಂತೆ ಹಾಸಿದ್ದಿತು. ಮನೆ ಕಟ್ಟಿದವರು ಗುಡಿಸಿ ನೂಕಿದ ಮರದ ಹೊಟ್ಟು, ಸುಣ್ಣದಂತಹ ಬಿಳಿಯ ಪುಡಿ, ಎರಡು ಮೊಳೆ. ಮೊಮ್ಮಗಳು ಕಿಂಡಿಯಲ್ಲಿ ತುರುಕಿದ ಬಣ್ಣದ ಬಳಪಗಳು. ಅವುಗಳ ನಡುವೆ ನಮ್ಮ ದೇಶದ ಐದು ರೂಪಾಯಿನ ಒಂದು ನಾಣ್ಯ. ಇದನ್ನು ನಾನೇ ಅವಳಿಗೆ ಕೊಟ್ಟಿದ್ದೆನು. ಫಿಲ್ಟರನ್ನು ಎಳೆದು ತೆಗೆದಾಗ ಮಾತ್ರ ಎಲ್ಲರೂ ಸುಮ್ಮನಾದೆವು. ಬಿಳಿಯದಾಗಿರಬೇಕಾದುದು ಕರಿಯ ಕಂಬಳಿಯಾಗಿದ್ದಿತು. ತಿಂಗಳಿಂದ ಮೂರು ತಿಂಗಳೊಳಗೆ ಬದಲಾಯಿಸಬೇಕಾದ ವಸ್ತುವನ್ನು ಯಾವಾಗ ಬದಲಾಯಿಸಿದ್ದೆವೆಂಬುದು ಅಳಿಯಂದಿರಿಗೂ ನೆನಪಿರಲಿಲ್ಲ, ಮಗಳಿಗೂ ನೆನಪಿರಲಿಲ್ಲ. 1,000 ಡಾಲರಿನ ವಾದ ನಡೆದಿದ್ದ ಮನೆಯಲ್ಲಿ ಇಪ್ಪತ್ತು ಡಾಲರಿನ ಫಿಲ್ಟರನ್ನು ಯಾರೂ ನೋಡಿರಲಿಲ್ಲ.

ಕೆಲಸ ಮುಗಿಯಿತೆಂದು ನಾವು ತಿಳಿದೆವು. ಆತನು ಕೈ ಒರೆಸಿಕೊಳ್ಳುತ್ತ, "ಬಟ್ಟೆ ಒಣಗಿಸುವ ಯಂತ್ರ ಎಲ್ಲಿದೆ?" ಎಂದನು.

ಈ ಯಂತ್ರದ ವಿಷಯವನ್ನು ಸ್ವಲ್ಪ ಹೇಳಬೇಕು. ಹಿಮದಲ್ಲಿ ಬಟ್ಟೆ ಹರವಲಾಗದ ಆ ದೇಶದಲ್ಲಿ ಡ್ರೈಯರ್ ಎಂಬುದೊಂದು ಲೋಹದ ಪೀಪಾಯಿ ಒದ್ದೆ ಬಟ್ಟೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಉರುಳಾಡಿಸುತ್ತ, ಬಿಸಿಗಾಳಿ ಹಾಯಿಸಿ ಒಣಗಿಸುತ್ತದೆ. ಒದ್ದೆಯಾದ ಆ ಬಿಸಿಗಾಳಿ ನಾಲ್ಕು ಅಂಗುಲ ಅಗಲದ ಕೊಳವೆಯಲ್ಲಿ ಮನೆಯ ಹೊರಕ್ಕೆ ಹೋಗಬೇಕು. ಬಟ್ಟೆಗಳಿಂದ ಉದುರುವ ಜುಂಗನ್ನು ಹಿಡಿಯುವುದಕ್ಕೆ ಯಂತ್ರದಲ್ಲೇ ಒಂದು ಜಾಲರಿ ಇರುತ್ತದೆ. ಜಾಲರಿಯನ್ನು ತಪ್ಪಿಸಿಕೊಂಡುದು ಕೊಳವೆಯಲ್ಲಿ ಕೂಡುತ್ತದೆ. ಒಣಗಿದ ಹತ್ತಿಯ ಜುಂಗಿಗಿಂತ ಬೇಗ ಹತ್ತಿಕೊಳ್ಳುವ ಪದಾರ್ಥ ಯಾವುದು? ನಮ್ಮ ಮನೆಗಳಲ್ಲಿ ಬತ್ತಿ ಹೊಸೆಯುವುದು ಅದರಿಂದಲೇ ಅಲ್ಲವೆ?

ಮಗಳೂ ಅಳಿಯಂದಿರೂ ಹಗಲೆಲ್ಲ ಕೆಲಸದಲ್ಲಿರುತ್ತಿದ್ದುದರಿಂದ ಆ ಯಂತ್ರದ ಅಧಿಕಾರ ನನಗೂ ನನ್ನ ಹೆಂಡತಿಗೂ ಬಂದಿದ್ದಿತು. ನಾನು ಅದನ್ನು ಹೆಮ್ಮೆಯಿಂದಲೇ ನಡೆಸುತ್ತಿದ್ದೆನು. ಸುಮಾರು ಮೂರು ವಾರಗಳಿಂದ ಒಂದು ಸುತ್ತಿಗೆ ಒಣಗುತ್ತಿದ್ದ ಬಟ್ಟೆಗೆ ಎರಡು ಸುತ್ತು ಬೇಕಾಗುತ್ತಿದ್ದಿತು. ಆ ಸಣ್ಣ ಕೋಣೆ ನಮ್ಮ ಆಷಾಢದ ಪಡಸಾಲೆಯಂತೆ ತೇವವಾಗುತ್ತಿದ್ದಿತು. ಯಂತ್ರದ ನೆತ್ತಿ ಕೈಯಿಡಲಾಗದಷ್ಟು ಕಾಯುತ್ತಿದ್ದಿತು. ಇದನ್ನೆಲ್ಲ ನಾನು ನೋಡಿದ್ದೆನು. ನನ್ನ ಹೆಂಡತಿ, "ರೀ, ಇದೇನೋ ಸೀದ ವಾಸನೆ ಬರುತ್ತೆ, ಹುಡುಗರಿಗೆ ಒಂದು ಮಾತು ಹೇಳಿ" ಎಂದು ಎರಡು ಸಲ ಹೇಳಿದ್ದಳು. ಅವರಿಗೆ ಮೊದಲೇ ಮಗುವಿನ ಚಿಂತೆ, ಯಂತ್ರವೂ ಚಳಿಗೆ ದಣಿದಿರಬಹುದು, ಮಗಳ ಮನೆಗೆ ಬಂದು ಹುಳುಕು ಹುಡುಕುವುದೇಕೆ ಎಂದು ನಾನು ಸುಮ್ಮನಿದ್ದುಬಿಟ್ಟಿದ್ದೆನು.

ಆತನು ಯಂತ್ರವನ್ನು ನಡೆಸಿ ನನ್ನನ್ನು ಹೊರಕ್ಕೆ ಕರೆದುಕೊಂಡು ಹೋದನು. ಮೊಣಕಾಲುದ್ದ ಹಿಮದಲ್ಲಿ ನಿಂತು, ಗೋಡೆಯಲ್ಲಿದ್ದ ಕೊಳವೆಯ ಬಾಯನ್ನು ತೋರಿಸಿ, ಕೈಯಿಟ್ಟು ನೋಡು ಎಂದನು. ಇಟ್ಟೆನು. ಶವದ ಮೂಗಿನ ಮುಂದೆ ಕೈಯಿಟ್ಟಂತಾಯಿತು. ಒಳಗೆ ಯಂತ್ರ ಗುಡುಗುತ್ತಿದೆ. ಹೊರಗೆ ಗಾಳಿಯ ಸುಳಿವಿಲ್ಲ. ಕೊಳವೆಯ ಬಾಯಲ್ಲಿರುವ, ಗಾಳಿ ಬಂದಾಗ ಏಳಬೇಕಾದ ಮುಚ್ಚಳ ಮಿಸುಕಲೇ ಇಲ್ಲ.

ಬಳಿಕ ಯಂತ್ರವನ್ನು ಗೋಡೆಯಿಂದ ಎಳೆದು ನೋಡಿದರೆ, ಹಿಂದಿದ್ದ ಬೆಳ್ಳಿಯ ಕಾಗದದಂತಹ ಮೆತುಕೊಳವೆ ಗೋಡೆಗೂ ಯಂತ್ರಕ್ಕೂ ನಡುವೆ ಸಿಕ್ಕಿ ಚಪ್ಪಟೆಯಾಗಿದ್ದಿತು. ಒಂದಕ್ಕೊಂದು ತಿರುಪಿ ಸೇರಿಸುವ ಬಳುಕುವ ಕೋಲುಗಳ ತುದಿಗೆ ದುಂಡನೆಯ ಕುಂಚವನ್ನು ಸಿಕ್ಕಿಸಿ, ತಿರುಗಿಸುತ್ತ ಒಳಕ್ಕೆ ತಳ್ಳಿದನು. ಮೊದಲು ಒಂದು ಹಿಡಿ ಬಂದಿತು, ಅನಂತರ ಒಂದು ಮೊಳದುದ್ದದ ಗಟ್ಟಿ ಸುರುಳಿ, ಅನಂತರ ಮತ್ತೊಂದು. ಬಕೆಟ್ಟು ತುಂಬಿತು. ಹೊರಬಾಯಿಯ ಬಳಿಯ ತಿರುವಿನಿಂದ ಯಾವುದೋ ಹಕ್ಕಿ ಬೇಸಗೆಯಲ್ಲಿ ಕಟ್ಟಿ ಬಿಟ್ಟುಹೋಗಿದ್ದ ಗೂಡಿನ ಹುಲ್ಲು ಬಂದಿತು. ಅದು ದಾರಿಯನ್ನು ಅರ್ಧ ಕಟ್ಟಿದ್ದಿತು. ಉಳಿದರ್ಧವನ್ನು ನಾವು ಕಟ್ಟಿದ್ದೆವು. ಆ ಸುರುಳಿಗಳಲ್ಲಿ ಪದರ ಪದರವಾಗಿ ಬಣ್ಣಗಳಿದ್ದವು. ಮಗಳ ಹಸುರು ಟವಲು, ಮಗುವಿನ ಗುಲಾಬಿ ಹೊದಿಕೆ, ಎಲ್ಲಕ್ಕಿಂತ ಮೇಲೆ, ಅಂದರೆ ಈಚೆಗೆ ಬಿದ್ದುದು, ನನ್ನ ಕಾವಿ ಬಣ್ಣದ ಹತ್ತಿಯ ಶಾಲು. ಅಕ್ಟೋಬರಿನಿಂದ ಅದು ತೆಳ್ಳಗಾಗುತ್ತ ಬಂದುದೇಕೆಂಬುದು ನನಗೆ ಆಗ ಗೊತ್ತಾಯಿತು. ಒಂದು ಪದರದ ತುದಿ ಕಂದಿ ಕರಿಕಾಗಿದ್ದಿತು. ಆತನು ಅದನ್ನು ಬೆರಳಿನಿಂದ ಪುಡಿಮಾಡಿ ತೋರಿಸಿ, ಏನೂ ಹೇಳದೆ ಬಕೆಟ್ಟಿಗೆ ಹಾಕಿದನು.

ಆ ದೇಶದ ಅಗ್ನಿಶಾಮಕ ಆಡಳಿತದವರ ಲೆಕ್ಕದಂತೆ 2008ರಿಂದ 2010ರವರೆಗೆ ವರ್ಷಕ್ಕೆ ಸರಾಸರಿ 2,900 ಮನೆಗಳಲ್ಲಿ ಡ್ರೈಯರಿನಿಂದ ಬೆಂಕಿ ಎದ್ದಿತು. ವರ್ಷಕ್ಕೆ ಐವರು ಸತ್ತರು, ನೂರು ಮಂದಿಗೆ ಗಾಯಗಳಾದವು. ಮುಖ್ಯ ಕಾರಣ ಶುಚಿ ಮಾಡದಿರುವುದು. ಹೆಚ್ಚು ಬೆಂಕಿಗಳು ಬಿದ್ದ ತಿಂಗಳು ಜನವರಿ. ನಾವು ಆ ಬಕೆಟ್ಟನ್ನು ನೋಡಿದುದು ಜನವರಿಯ ಎರಡನೆಯ ವಾರದಲ್ಲಿ. ಮತ್ತೊಂದು ಲೆಕ್ಕವನ್ನು ಆತನು ಹೇಳಿಕೊಟ್ಟನು. ಯಂತ್ರ ತಯಾರಿಸಿದವರು ಬೇರೆ ಹೇಳದಿದ್ದರೆ ಈ ಕೊಳವೆ 35 ಅಡಿಗೆ ಮೀರಬಾರದು. ಒಂದೊಂದು ಮೂಲೆತಿರುವಿಗೂ ಅದರಲ್ಲಿ ಐದೈದು ಅಡಿ ಕಳೆಯಬೇಕು. ನಮ್ಮದು ಮೂರು ತಿರುವು, 25 ಅಡಿ. ಮೂರೈದಲಿ ಹದಿನೈದು, ಮೂವತ್ತೈದರಲ್ಲಿ ಹದಿನೈದು ಕಳೆದರೆ ಇಪ್ಪತ್ತು. ಮಹಡಿಯ ಮೇಲೆ ಯಂತ್ರವಿಟ್ಟರೆ ಅನುಕೂಲವೆಂದು ಮನೆ ಕಟ್ಟಿದವರು ಎಣಿಸಿರಬೇಕು. ಗಾಳಿಯ ಅನುಕೂಲವನ್ನು ಯಾರೂ ಕೇಳಿರಲಿಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ದೇಹದ ಸ್ರೋತಸ್ಸುಗಳಿಗಾಗಿಯೇ ಒಂದು ಅಧ್ಯಾಯವಿದೆ. ಅವುಗಳ ದಾರಿ ಕಟ್ಟಿದರೆ ರೋಗವೆಂದು ಅಲ್ಲಿ ಹೇಳಿದೆ. ಮನೆ ಕಟ್ಟುವವರೂ ಅದನ್ನು ಓದಬಹುದು.

ಆತನು ಹೊರಡುವ ಮುನ್ನ ಹೇಳಿದ ಮಾತು ಬೆಂಕಿಗಿಂತಲೂ ನನ್ನನ್ನು ಹೆಚ್ಚಾಗಿ ಹೆದರಿಸಿತು. ನಮ್ಮ ಡ್ರೈಯರು ವಿದ್ಯುತ್ತಿನದಲ್ಲ, ಅನಿಲದ್ದು. ದಾರಿ ಕಟ್ಟಿದರೆ ಉರಿದ ಗಾಳಿ ಮನೆಯೊಳಕ್ಕೇ ತಿರುಗಬಹುದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಿರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯು ಕೂಡುವ ಜಾಗವನ್ನು ಅದಕ್ಕಿಂತ ಇನ್ನೂರು ಪಾಲು ಬಿಗಿಯಾಗಿ ಇದು ಹಿಡಿದುಕೊಳ್ಳುತ್ತದೆ. ಬೆಂಕಿ ಅನಾಹುತಗಳನ್ನು ಬಿಟ್ಟೂ ಆ ದೇಶದಲ್ಲಿ ವರ್ಷಕ್ಕೆ 400ಕ್ಕೆ ಮೇಲ್ಪಟ್ಟು ಜನ ಇದರಿಂದ ಸಾಯುತ್ತಾರೆ. ಎಷ್ಟೋ ಜನ ನಿದ್ರೆಯಲ್ಲೇ. ಮಲಗುವ ಕೋಣೆಗಳ ಹತ್ತಿರ ಅದನ್ನು ಗುರುತಿಸಿ ಕೂಗುವ ಒಂದು ಸಣ್ಣ ಪೆಟ್ಟಿಗೆಯನ್ನು ಹಾಕಬೇಕೆಂದು ಆ ಸಂಸ್ಥಾನದ ಕಾನೂನು ಇದೆ. ನಮ್ಮ ಮನೆಯ ಪೆಟ್ಟಿಗೆ ಕೂಗಿರಲಿಲ್ಲ. ಆತನು ಗುಂಡಿಯನ್ನು ಒತ್ತಿ ಪರೀಕ್ಷಿಸಿದನು, ಸರಿಯಾಗಿದ್ದಿತು. ಫರ್ನೇಸಿನ ಕೊಳವೆಗಳಲ್ಲಿ ಬಿರುಕಿಲ್ಲವೆಂಬುದನ್ನೂ ನೋಡಿ, ಹಣ ತೆಗೆದುಕೊಂಡು ಹೋದನು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲನೆಯ ಪಾಠ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಹಿಡಿದ ಹುಡುಗನಿಗೆ ಬೆಟ್ಟವೂ ಹೊಗೆಯೂ ತಪ್ಪಿದುದಲ್ಲ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇದೆ. ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕಾಗಿಲ್ಲ. ಇದಕ್ಕೆ ಶಾಸ್ತ್ರಕಾರರು ಕೊಡುವ ಉದಾಹರಣೆ ಕಾದ ಕಬ್ಬಿಣದ ಗುಂಡು. ಹಸಿಯ ಸೌದೆ ಸೇರಿದರೆ ಮಾತ್ರ ಹೊಗೆ. ಮಗಳ ಮನೆಯ ಬೆಂಕಿಗಳೆಲ್ಲ ಈ ಕಬ್ಬಿಣದ ಗುಂಡಿನ ಜಾತಿಯವು. ನಾನು ಕಲಿತ ಊಹೆ ಅಲ್ಲಿ ಉಪಯೋಗಕ್ಕೆ ಬಾರದು. ಅಷ್ಟನ್ನೇ ಯೋಚಿಸಿ ಮಲಗಿದ್ದರೆ ಆಗುತ್ತಿದ್ದಿತು. ಆದರೆ ಹೊಗೆಯೂ ಬೆಂಕಿಯೂ ಒಟ್ಟಿಗಿರುವ ಸ್ಥಳಕ್ಕೆ ಶಾಸ್ತ್ರ ಕೊಡುವ ದೃಷ್ಟಾಂತವೊಂದುಂಟು: ಮಹಾನಸ. ಅಂದರೆ ಅಡಿಗೆಮನೆ.

1985ರಲ್ಲಿ ನಮ್ಮ ಮನೆಗೆ ಅಸ್ತ್ರ ಒಲೆ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳ ಉಪಯೋಗಕ್ಕಾಗಿ ಆರಂಭಿಸಿದ ಅಸ್ತ್ರ ಎಂಬ ವಿಭಾಗದವರು ಆಲೋಚಿಸಿ ಮಾಡಿದ ಒಲೆ ಅದು. ಕುಣಿಗಲು ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರವಿದ್ದುದರಿಂದ ನಮ್ಮ ಸೀಮೆಯಲ್ಲಿ ಅದರ ಹೆಸರು ಹರಡಿದ್ದಿತು. ಮೂರು ಪಾತ್ರೆಗಳಿಗೆ ಮೂರು ಬಾಯಿ, ಸೌದೆಗೆ ಕೆಳಗೆ ಸರಳುಗಳ ತಟ್ಟೆ, ಮುಂದೆ ಬಾಗಿಲು, ಹೊಗೆ ಹೋಗುವುದಕ್ಕೆ ಹೆಂಚಿನಾಚೆ ನಿಂತ ಕೊಳವೆ. ಒಲೆಯನ್ನು ಕಟ್ಟಿದ ಗಾರೆಯವನು ನನ್ನನ್ನು ಕರೆದು, "ತಿಂಗಳಿಗೊಂದು ಸಲ ಮೇಲೆ ಹತ್ತಿ ಕೊಳವೆಯ ಮಸಿ ತೆಗೀಬೇಕು ಸ್ವಾಮಿ, ಮರೀಬೇಡಿ" ಎಂದು ಹೇಳಿ, ತೆಂಗಿನ ನಾರಿನ ಉಂಡೆಗೆ ಕಲ್ಲು ಕಟ್ಟಿ ಹಗ್ಗ ಹಾಕಿದ ಒಂದು ಸಾಧನವನ್ನೂ ಮಾಡಿಕೊಟ್ಟನು. ಅಮ್ಮನ ಸಂತೋಷವನ್ನು ಏನು ಹೇಳಲಿ! ಅವಳು ಆ ವರ್ಷದ ಯುಗಾದಿಗೆ ಇಲ್ಲಣ ತೆಗೆಯಲು ನಿಂತು, ತೆಗೆಯುವಷ್ಟು ಇಲ್ಲವೆಂದು ಬಿದಿರನ್ನು ಹಾಗೆಯೇ ಹಿತ್ತಿಲಿಗೆ ಒರಗಿಸಿದಳು.

ನಾನು ಆಗ ಮೈಸೂರಿನಲ್ಲಿ ಓದುತ್ತಿದ್ದೆನು. ಅಪ್ಪನಿಗೆ ಮಂಡಿಯ ನೋವು; ಏಣಿ ಹತ್ತಲಾರರು. ಆದುದರಿಂದ ರಜೆಗೆ ಬಂದಾಗ ಹತ್ತಬೇಕಾದವನು ನಾನೇ. ಮೊದಲ ವರ್ಷ ಎರಡು ಸಲ ಹತ್ತಿದೆನು. ಎರಡನೆಯ ವರ್ಷದ ಬೇಸಗೆಯಲ್ಲಿ ನನಗೆ ಪರೀಕ್ಷೆಯಿದ್ದಿತು. ಜಗಲಿಯ ಮೇಲೆ ಪುಸ್ತಕ ಹರಡಿಕೊಂಡು ಹೊಗೆಯಿಂದ ಬೆಂಕಿಯನ್ನು, ಅಡಿಗೆಮನೆಯ ದೃಷ್ಟಾಂತದಿಂದ ಬೆಟ್ಟವನ್ನು ಸಾಧಿಸುತ್ತ ಕುಳಿತಿರುತ್ತಿದ್ದೆನು. ಅಮ್ಮ ಬಾಗಿಲಿಗೆ ಬಂದು, "ಹೊಗೆ ಮತ್ತೆ ಒಳಗೇ ತಿರುಗ್ತಾ ಇದೆ ಮಗು, ಒಂದು ಗಳಿಗೆ ಹತ್ತಿ ನೋಡ್ತೀಯಾ?" ಎಂದಳು. ನಾಳೆ ಎಂದೆನು. ನಾಳೆ ಮರೆತೆನು. ಅಷ್ಟರಲ್ಲಿ ಮಳೆ ಹಿಡಿದು ಹೆಂಚು ಜಾರತೊಡಗಿತು. ದಸರೆಗೆ ಬಂದಾಗ ಹತ್ತುವೆನೆಂದು ಹೇಳಿ ಹೊರಟುಹೋದೆನು. ಆಕೆ ಎರಡನೆಯ ಸಲ ಕೇಳಲಿಲ್ಲ. ದಸರೆಗೆ ಬಂದು ನೋಡಿದರೆ ಅಸ್ತ್ರ ಒಲೆಯ ಬಾಯಿಗಳಿಗೆ ಮಣ್ಣು ಮೆತ್ತಿ, ಪಕ್ಕದಲ್ಲಿ ಹಳೆಯ ಒಲೆಯನ್ನು ಹೂಡಿಕೊಂಡಿದ್ದಳು. ಊದುಕೊಳವೆ ಮತ್ತೆ ಕೈಗೆ ಬಂದಿದ್ದಿತು. "ಇದೇ ರೂಢಿ ಬಿಡು" ಎಂದಳು.

1996ರಲ್ಲಿ ಅವಳಿಗೆ ನಾಲ್ಕು ಹೆಜ್ಜೆ ನಡೆದರೆ ಮೇಲುಸಿರು ಬರುವಂತಾಯಿತು. ಬೆಂಗಳೂರಿಗೆ ಕರೆದುಕೊಂಡು ಹೋದೆನು. ವೈದ್ಯರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಸಂಕೋಚಪಡುತ್ತಲೇ, "ಇವರು ಬೀಡಿ ಏನಾದರೂ...?" ಎಂದು ಕೇಳಿದರು. ಅಮ್ಮ ನಕ್ಕುಬಿಟ್ಟಳು, ನಕ್ಕುದರಿಂದ ಕೆಮ್ಮು ಬಂದಿತು. ಹಾಗಾದರೆ ಒಲೆ ಎಂತಹುದು, ಎಷ್ಟು ವರ್ಷ ಎಂದು ಕೇಳಿದರು. ಮದುವೆಯಾಗಿ ಬಂದಾಗಿನಿಂದ ಎಂದಳು. ನಲವತ್ತೆರಡು ವರ್ಷ. ಅವಳು 1999ರಲ್ಲಿ ತೀರಿಕೊಂಡಳು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಅಂದಾಜು ಮಾಡಿದ್ದಾರೆ. ಆ ಲೆಕ್ಕ ಶುರುವಾಗುವ ಎಷ್ಟೋ ಮುಂಚೆ ಹೋದವಳು ಅವಳು. ಒಂದು ಕೊಳವೆಯ ಮಸಿಯನ್ನು ತೆಗೆದಿದ್ದರೆ ಅದಕ್ಕೆ ಹಿಂದಿನ ಮೂವತ್ತು ವರ್ಷಗಳ ಹೊಗೆ ಎಲ್ಲಿಗೆ ಹೋಗುತ್ತಿದ್ದಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ತರ್ಕಕ್ಕೆ ಸರಿಯಾಗಿಯೇ ಇದೆ. ಆದರೂ ಅವಳು ಬಾಗಿಲಲ್ಲಿ ನಿಂತು ಕೇಳಿದುದು ಒಂದು ಗಳಿಗೆಯ ಕೆಲಸವನ್ನು.

ಬೆಳಗ್ಗೆ ಎದ್ದು ಮಗಳಿಗೆ ಡ್ರೈಯರಿನ ಸಂಗತಿಯನ್ನೆಲ್ಲ ಹೇಳಿದೆನು. ಮೂರು ವಾರದಿಂದ ನನಗೆ ತಿಳಿದಿದ್ದಿತು, ಹೇಳಲಿಲ್ಲ ಎಂದೆನು. ಅವಳು ಕೋಪಗೊಳ್ಳುವಳೆಂದು ಎಣಿಸಿದ್ದೆನು. "ಅಜ್ಜಿಯ ಹಾಗೆಯೇ ನೀವೂ, ಅಪ್ಪ. ಏನನ್ನೂ ಹೇಳೋದಿಲ್ಲ" ಎಂದಳು. ಅವಳಿಗೆ ಅಜ್ಜಿಯ ನೆನಪು ಇರುವುದೇ ಅತ್ಯಲ್ಪ. ಆಕೆ ಒಂದು ಸಲ ಹೇಳಿದ್ದಳೆಂಬುದನ್ನು ನಾನು ಆಗ ತಿಳಿಸಲಿಲ್ಲ.

ಮೊಮ್ಮಗಳ ಕೆಮ್ಮು ಫೆಬ್ರವರಿಯ ಹೊತ್ತಿಗೆ ನಿಂತಿತು. ಡಕ್ಟು ಶುಚಿಯಾದುದರಿಂದ ನಿಂತಿತೆಂದು ಮಗಳು ಎಲ್ಲರಿಗೂ ಹೇಳುತ್ತಾಳೆ. ಶಿಶುವಿಹಾರದಿಂದ ಮಕ್ಕಳು ತರುವ ಚಳಿಗಾಲದ ಸೋಂಕು, ತಾನಾಗಿ ಹೋಗುತ್ತದೆಂದು ವೈದ್ಯರು ಮೊದಲೇ ಹೇಳಿದ್ದರು. ಕಾಗೆ ಕೂತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧ ಕಟ್ಟುವವನು ನಾನಲ್ಲ. ಆದರೆ ರಾತ್ರಿಯೆಲ್ಲ ಎದ್ದಿದ್ದ ತಾಯಿಯ ಮುಂದೆ ಕಾಕತಾಲೀಯ ನ್ಯಾಯವನ್ನು ವಿವರಿಸುವಷ್ಟು ಪಂಡಿತನೂ ಅಲ್ಲ. ಅಳಿಯಂದಿರೂ ಬಾಯಿ ಬಿಡಲಿಲ್ಲ. ಅವರು ಡ್ರೈಯರಿನ ಹಿಂದೆ ಗಟ್ಟಿಯಾದ ಲೋಹದ ಕೊಳವೆಯನ್ನು ತಾವೇ ಜೋಡಿಸಿದರು. ಫಿಲ್ಟರಿನ ಅಂಚಿನ ಮೇಲೆ ಹಾಕಿದ ತಾರೀಖನ್ನು ಬರೆಯುವ ಕೆಲಸ ನನ್ನದಾಯಿತು. ಗಾಳಿ ಯಾವ ಕಡೆಗೆ ಹರಿಯಬೇಕೆಂದು ತೋರಿಸುವ ಬಾಣದ ಗುರುತಿನ ಪಕ್ಕದಲ್ಲೇ ಬರೆದೆನು.

ಮಾರ್ಚಿಯಲ್ಲಿ ಹಿಂತಿರುಗಿದ ಮೇಲೆ ಹಳ್ಳಿಗೆ ಹೋಗಿದ್ದೆನು. ಮನೆ ಬೀಗ ಹಾಕಿಯೇ ಇದೆ. ಅಟ್ಟದ ಮೊಳೆಯಲ್ಲಿ ಆ ನಾರಿನ ಉಂಡೆ ಹಗ್ಗದೊಡನೆ ಇನ್ನೂ ನೇತಾಡುತ್ತಿದ್ದಿತು. ಕಲ್ಲು ಕಳಚಿ ಎಲ್ಲೋ ಬಿದ್ದಿದ್ದಿತು. ಇಳಿಸಿ ಧೂಳು ಕೊಡವಿ ಮತ್ತೆ ಅಲ್ಲಿಯೇ ತೂಗುಹಾಕಿದೆನು.

ಭಾನುವಾರ ಮಗಳು ಫೋನು ಮಾಡುತ್ತಾಳೆ. ಡ್ರೈಯರಿನ ಜಾಲರಿಯ ಜುಂಗನ್ನು ತೆಗೆಯುವ ಅಧಿಕಾರವನ್ನು ಮೊಮ್ಮಗಳು ನನ್ನಿಂದ ವಹಿಸಿಕೊಂಡಿದ್ದಾಳೆ. ಬಟ್ಟೆ ಒಣಗಿಸಿದಾಗಲೆಲ್ಲ ತಾಯಿ ಅವಳನ್ನು ಎತ್ತಿ ಹಿಡಿಯಬೇಕು; ಅವಳೇ ಎಳೆದು ತೆಗೆಯಬೇಕು. ಫೋನಿಗೆ ಬಂದೊಡನೆ ಬೇರೆ ಮಾತಿಲ್ಲ. "ತಾತ, ಇವತ್ತು ನೀಲಿ ಬಂತು" ಎನ್ನುತ್ತಾಳೆ. ಹೋದ ವಾರ ಹಳದಿ.